ಆಯ್ತು ಎಂದರೆ

ನನ್ನ ದನಿ ನನಗೇ ಹಿಡಿಸುವುದಿಲ್ಲ. ಕೆಲಸಕ್ಕೆ ಸೇರುವಾಗ ಇದನ್ನು ಯಾರಿಗೂ ಹೇಳಲಿಲ್ಲ. ಬಂಗಾರಪೇಟೆಯ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಫೋನು ಎತ್ತುವುದು, ಕೇಳಿದ್ದನ್ನು ಟೈಪ್ ಮಾಡುವುದು, ಅಷ್ಟೇ ನನ್ನ ಪಾಲು ಎಂದುಕೊಂಡಿದ್ದೆ. ಹೊಸ ವೈರ್‌ಲೆಸ್ ಬಂದ ಮೇಲೆ ಪ್ರತಿ ಮೇಜಿಗೂ ಮೈಕು ಬಂತು. ಅದರ ಗುಂಡಿ ಒತ್ತಿ ಮಾತಾಡಿದರೆ ಎಲ್ಲ ಆಂಬುಲೆನ್ಸಿಗೂ, ಫೈರ್ ಸ್ಟೇಷನ್ನಿಗೂ ಒಟ್ಟಿಗೇ ಕೇಳುತ್ತದೆ. ನಾನು ಒತ್ತಬೇಕಾದಾಗಲೆಲ್ಲ ಪಕ್ಕದ ಮೇಜಿನ ಕವಿತಕ್ಕನ ಮುಖ ನೋಡುತ್ತೇನೆ.

"ಮೈಕೇನು ಕಚ್ತದಾ ಅಂಬಿಕ? ನಾಳೆ ನಿನ್ನ ನೋಡಕ್ಕೆ ಗಂಡು ಬಂದ್ರೆ ನಾನೇ ಊಂ ಅನ್ಬೇಕೇನೋ," ಅನ್ನುತ್ತಾಳೆ. ಅಂದರೂ ನನ್ನ ಬದಲು ಅವಳೇ ಮಾತಾಡುತ್ತಾಳೆ.

ಆ ಮಧ್ಯಾಹ್ನ ಬೇರೆ ಜಿಲ್ಲೆಯಿಂದ ಇಬ್ಬರು ಅಧಿಕಾರಿಗಳು ಈ ಹೊಸ ವ್ಯವಸ್ಥೆ ನೋಡಲು ಬಂದಿದ್ದರು. ನಮ್ಮ ಮೇಲ್ವಿಚಾರಕ ಗೋಪಾಲ್ ಸರ್ ದೊಡ್ಡ ಪರದೆಯ ಮುಂದೆ ನಿಂತು ವಿವರಿಸುತ್ತಿದ್ದರು.

"ಡ್ರೈವರು ಸ್ಟೀರಿಂಗಿಂದ ಕೈ ತೆಗೀಬೇಕಾಗಿಲ್ಲ ಸರ್. ಬಾಯಲ್ಲಿ ಹೇಳಿದ್ರೆ ಸಾಕು, ಕಂಪ್ಯೂಟರೇ ಕೇಳಿಸ್ಕೊಳ್ಳುತ್ತೆ. ಕೆಂಪು ಅಂದ್ರೆ ಕೇಸು ಬಾಕಿ, ಹಸಿರು ಅಂದ್ರೆ ಮುಗೀತು."

ಅಷ್ಟರಲ್ಲಿ ನನಗೆ ಚಿನ್ನದ ಗಣಿಯ ಕೋರಮಂಡಲ್‌ನಿಂದ ಫೋನು ಬಂತು. ಶ್ಯಾಮಲಾ ಎಂಬ ಹೆಂಗಸು. "ಅಮ್ಮಂಗೆ ಮೂಚ್ಚೇ ಬರ್ತಿಲ್ಲ ಮೇಡಂ, ಉಸ್ರು ಎಳೀತಾ ಅವ್ರೆ, ತುಟಿ ನೀಲಿ ಆಗೋಯ್ತು. ಬೇಗ ಕಳ್ಸಿ." ಕಳಿಸುತ್ತೇನೆ ಎಂದು ಹೇಳಿ ವಿಳಾಸ ಟೈಪ್ ಮಾಡಿದೆ. ಕೆಂಪು ಸಾಲೊಂದು ಮೂಡಿತು. ಬಂಗಾರಪೇಟೆ ಆಸ್ಪತ್ರೆಯ ಬಾಗಿಲಲ್ಲಿ ಖಾಲಿ ನಿಂತಿದ್ದ ಮುನಿರಾಜಣ್ಣನ ಆಂಬುಲೆನ್ಸಿಗೆ ಕವಿತಕ್ಕ ಮೈಕಿನಲ್ಲಿ ಹೇಳಿದಳು.

"ಆಯ್ತು ಕಣಮ್ಮ, ಓಗ್ತೀನಿ," ಎಂದ ಮುನಿರಾಜಣ್ಣ.

ಕವಿತಕ್ಕ ಇನ್ನೊಂದು ಫೋನಿಗೆ ತಿರುಗಿದಳು. ನಾನು ಪರದೆ ನೋಡುತ್ತಲೇ ಇದ್ದೆ. ಅವನ ಮಾತು ಅಕ್ಷರವಾಗಿ ಬಂತು: "ಆಯ್ತು", ಆಮೇಲೆ ಬರೀ ಚುಕ್ಕಿಗಳು. ನಮ್ಮೂರಿನ "ಓಗ್ತೀನಿ" ಆ ಯಂತ್ರಕ್ಕೆ ತಿಳಿದಿರಲಿಲ್ಲ. ಕೋರಮಂಡಲ್‌ನ ಸಾಲು ಹಸಿರಾಗಿ ಪಟ್ಟಿಯ ಕೆಳಕ್ಕೆ ಜಾರಿತು.

ನಾವು ಒಪ್ಪಿದ್ದಕ್ಕೂ ಆಯ್ತು ಅನ್ನುತ್ತೇವೆ, ಮುಗಿಸಿದ್ದಕ್ಕೂ ಆಯ್ತು ಅನ್ನುತ್ತೇವೆ. ಎದುರಿಗಿರುವವರು ಮುಖ ನೋಡಿ ತಿಳಿದುಕೊಳ್ಳುತ್ತಾರೆ. ಎಷ್ಟೋ ಸಲ ನಾನು ಎರಡೂ ಅಲ್ಲದ ಆಯ್ತು ಅಂದಿದ್ದೇನೆ, ಮಾತು ಅಲ್ಲಿಗೆ ನಿಲ್ಲಲಿ ಎಂದು. ಯಂತ್ರಕ್ಕೆ ಕಲಿಸಿದವರು ಒಂದೇ ಅರ್ಥ ಕಲಿಸಿದ್ದರು.

ಮುಗಿದ ಕೇಸಿನ ವಿಳಾಸ ಡ್ರೈವರನ ಫೋನಿನಿಂದ ತಾನಾಗಿಯೇ ಅಳಿಸಿಹೋಗುತ್ತದೆ, ಮುಂದಿನದು ಬಂದು ಕೂರುತ್ತದೆ. ಮುನಿರಾಜಣ್ಣನಿಗೆ ಬೂದಿಕೋಟೆಯದು ಹೋಯಿತು. ಯಾರೋ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಕೋರಮಂಡಲ್ ಒಂದು ದಿಕ್ಕು, ಬೂದಿಕೋಟೆ ಇನ್ನೊಂದು. ಕೋರಮಂಡಲ್‌ಗೇ ಹೋಗಿ ಎಂದು ಅವನಿಗೆ ಮೆಸೇಜ್ ಟೈಪ್ ಮಾಡಿ ಕಳಿಸಿದೆ. ಗಾಡಿ ಓಡಿಸುವವನು ಯಾವಾಗ ಓದಿಯಾನು? ಕವಿತಕ್ಕ ಇನ್ನೂ ಫೋನಿನಲ್ಲೇ ಇದ್ದಳು.

ವೈರ್‌ಲೆಸ್ ಕರಕರ ಎಂದಿತು. "ಸಾ, ಕೋರಮಂಡಲ್‌ದು ನನ್ ಫೋನಿಂದ ಓಗ್ಬುಡ್ತು. ಬೇರೆ ಗಾಡಿಯೋರು ನೋಡ್ಕಂಡ್ರಾ? ಬೂದಿಕೋಟೆ ಕಡೆ ತಿರುಗ್ಸ್ಲಾ?"

ಗೋಪಾಲ್ ಸರ್ ಪರದೆಯತ್ತ ಕಣ್ಣು ಹಾಯಿಸಿದರು. "ಹಸಿರು ಬಂದಿದೆ ಮುನಿರಾಜು, ಅದು ಮುಗೀತು. ನೀನು ತಿರುಗಿಸು." ಅಧಿಕಾರಿಗಳಲ್ಲೊಬ್ಬರು ಮೆಚ್ಚಿ ತಲೆದೂಗಿದರು.

"ಸರ್," ಎಂದೆ. ನನಗೇ ಕೇಳಿಸಲಿಲ್ಲ. ಅವರು ಆಗಲೇ ಅತಿಥಿಗಳಿಗೆ ಮುಂದಿನದನ್ನು ತೋರಿಸುತ್ತಿದ್ದರು. ಶ್ಯಾಮಲಾ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿರಬಹುದು. ನಾನು ಕಳಿಸುತ್ತೇನೆ ಎಂದದ್ದನ್ನು ನಂಬಿ ಆಟೋ ಕೂಡ ಕರೆದಿರಲಾರಳು.

ಗುಂಡಿ ಒತ್ತಿದೆ. ಮೈಕಿನ ಕೆಂಪು ದೀಪ ಹತ್ತಿಕೊಂಡಿತು. ಬಂದ ದನಿಯಲ್ಲೇ ಹೇಳಿದೆ.

"ಮುನಿರಾಜಣ್ಣ, ಅದು ಮುಗಿದಿಲ್ಲ. ಕೋರಮಂಡಲ್‌ಗೆ ಯಾರೂ ಹೋಗಿಲ್ಲ."