ಉದಾರ ಆಸನ

"ಸ್ವಲ್ಪ ಉಸಿರು ಒಳಗೆ ಎಳ್ಕೊಳ್ಳಿ ಮೇಡಂ," ಎಂದ ಟ್ರೆಂಟ್. ಹಾಗೆಂದು ಕ್ಯಾಮೆರಾಗಳ ಕಡೆ ತಿರುಗಿ ನಕ್ಕ.

ಲೊರೇನ್ ಪಿಕೆಟ್ ಉಸಿರು ಎಳೆದುಕೊಂಡಳು. ರೋಲರ್ ಕೋಸ್ಟರಿನ ಅಡ್ಡಪಟ್ಟಿ ಅವಳ ಹೊಟ್ಟೆಯ ಮೇಲೆ ಬಂದು ಟಕ್ಕೆಂದು ನಿಂತಿತು. ಆಸನದ ಪಕ್ಕದ ಹಸಿರು ದೀಪ ಹೊತ್ತಿಕೊಂಡಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ವೆಂಡೆಲ್ ಓಸ್ಟರ್ ತಟ್ಟಲಿಲ್ಲ. ಪಟ್ಟಿ ಕೂರಬೇಕಾದದ್ದು ತೊಡೆಯ ಮೇಲೆ. ಹೊಟ್ಟೆ ನಂಬಿಕೆಗೆ ಅರ್ಹವಲ್ಲ. ಮೊದಲ ಇಳಿಜಾರಿನಲ್ಲೇ ಜರುಗಿಬಿಡುತ್ತದೆ, ಮೈ ಮೇಲಕ್ಕೆ ಜಾರುತ್ತದೆ. ಮೈ ತಾಗಿತೇ ಇಲ್ಲವೇ ಎಂಬುದಷ್ಟೇ ದೀಪಕ್ಕೆ ಗೊತ್ತು. ಎಲ್ಲಿ ತಾಗಿತು ಎಂಬುದು ಗೊತ್ತಿಲ್ಲ. ಇದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿರಲಿಲ್ಲ. ಆಸನ ರಚಿಸಿದವನೇ ಅವನು.

ಓಹಾಯೋದ ಮೆಕ್ಕೆಜೋಳದ ಹೊಲಗಳ ನಡುವೆ ಇದ್ದ ಹಾರ್ಲನ್ ಪಾರ್ಕಿಗೆ ಈ ಆಸನ ಬೇಕಾಗಿ ಬಂದದ್ದಕ್ಕೆ ಕಾರಣ ಲೊರೇನಳೇ. ಶಾಲಾ ಬಸ್ಸಿನ ಚಾಲಕಿ. ಹೋದ ಬೇಸಿಗೆಯಲ್ಲಿ ಮೊಮ್ಮಗಳ ಜೊತೆ ಬಿಸಿಲಲ್ಲಿ ಸಾಲುನಿಂತು, ಇದೇ ರೋಲರ್ ಕೋಸ್ಟರ್ ಹತ್ತಿದ್ದಳು. ಪಟ್ಟಿ ಮುಚ್ಚಲಿಲ್ಲ. ಇಳಿಸಿದರು. ಇಡೀ ಸಾಲಿನ ಎದುರು ಆಕೆ ವಾಪಸ್ಸು ನಡೆದುಹೋದದ್ದನ್ನು ಯಾರೋ ಫೋನಿನಲ್ಲಿ ಹಿಡಿದರು. ದೇಶ ನೋಡಿತು, ನಕ್ಕಿತು, ಆಮೇಲೆ ನಕ್ಕದ್ದಕ್ಕೆ ಮರುಗಿತು. ಮರುಕ ಬಂದ ಕೂಡಲೇ ಪಾರ್ಕಿನವರು ಬೆದರಿದರು.

ಸಮಿತಿ ರಚನೆಯಾಯಿತು. ಆಸನದ ಅಗಲವನ್ನು ಒಂದು ಮಧ್ಯಾಹ್ನದಲ್ಲಿ ತೀರ್ಮಾನಿಸಿದ ಸಮಿತಿ, 'ದಪ್ಪ' ಎನ್ನುವ ಬದಲು ಏನೆನ್ನಬೇಕು ಎಂದು ಒಂದು ಚಳಿಗಾಲವಿಡೀ ಚರ್ಚಿಸಿತು. ಕೊನೆಗೆ 'ವಿಶಾಲ ಅತಿಥಿಗಳು' ಎಂದಾಯಿತು. ಆಸನಕ್ಕೆ 'ಉದಾರ ಆಸನ' ಎಂದು ಹೆಸರಿಟ್ಟರು. ಎರಡೂ ಪದಗಳಿಗೆ ವೆಂಡೆಲ್ ಕೈಯೆತ್ತಿದ್ದ.

"ಗಾಡಿ ಬಿಡಬೇಡಿ," ಎಂದ ಈಗ.

"ದೀಪ ಹತ್ತಿದೆಯಲ್ಲಯ್ಯ," ಎಂದ ಟ್ರೆಂಟ್, ತುಟಿ ಅಲುಗಿಸದೆ. ಅವನು ಪಾರ್ಕಿನ ವ್ಯವಸ್ಥಾಪಕ. ನಗುತ್ತಲೇ ಬೈಯುವುದನ್ನು ಅಭ್ಯಾಸ ಮಾಡಿಕೊಂಡಿದ್ದ.

"ಹತ್ತಿದೆ. ಪಟ್ಟಿ ಸರಿಯಾಗಿ ಕೂತಿಲ್ಲ."

"ಟೀವಿಯೋರು ಬಂದಿದ್ದಾರೆ. ಒಂದೇ ಒಂದು ಸುತ್ತು, ಮಾರಾಯ."

"ಆಕೆ ಆಚೆ ಬೀಳ್ತಾಳೆ, ಟ್ರೆಂಟ್."

ಟ್ರೆಂಟನ ನಗು ಇದ್ದಲ್ಲೇ ಇತ್ತು. ಅದರ ಹಿಂದಿನ ಮುಖ ಮಾತ್ರ ಬಿಳಿಚಿಕೊಂಡಿತು. "ಹಾಗಾದ್ರೆ ನೀನೇ ಹೇಳು ಹೋಗು," ಎಂದ.

ವೆಂಡೆಲ್ ಆಸನದ ಪಕ್ಕ ಮೊಣಕಾಲೂರಿ ಕೂತ. "ಶ್ರೀಮತಿ ಪಿಕೆಟ್, ನಿಮ್ಮ ಶರೀರ ವಿನ್ಯಾಸಕ್ಕೂ ನಮ್ಮ ಭದ್ರತಾ ವ್ಯವಸ್ಥೆಗೂ ನಡುವೆ ಒಂದು ಸಣ್ಣ..."

"ನಂಗೆ ಅರ್ಥ ಆಗೋ ಹಂಗೆ ಹೇಳಪ್ಪ."

"ಅತಿಥಿಗಳ ಆಕಾರದಲ್ಲಿ ವೈವಿಧ್ಯ ಇರುತ್ತೆ, ಹಾಗಾಗಿ..."

"ದಪ್ಪ ಇದೀನಿ ಅಂತಾನಾ? ಹೇಳಿಬಿಡು, ಬಾಯೇನೂ ಸುಟ್ಟುಹೋಗಲ್ಲ."

"ತಪ್ಪು ಆಸನದ್ದು," ಎಂದ.

ಬೆಳಗಿನಿಂದ ಅವನಾಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ. ಆದರೆ ಅದು ಸಮಿತಿಯಲ್ಲಿ ಒಪ್ಪಿಗೆಯಾದ ಮಾತಿನಂತೆಯೇ ಕೇಳಿಸಿತು. ಲೊರೇನ್ ನಕ್ಕಳು. "ಇರ್ಲಿ ಬಿಡು. ಪಟ್ಟಿ ತೆಗಿ," ಎಂದಳು.

ಆಕೆ ಇಳಿದು ನಡೆದಳು. ಈ ಸಲ ಯಾರೂ ಚಿತ್ರ ತೆಗೆಯಲಿಲ್ಲ. ಕ್ಯಾಮೆರಾದವರೆಲ್ಲ ಸಭ್ಯವಾಗಿ ಕ್ಯಾಮೆರಾ ಇಳಿಸಿ ತಂತಮ್ಮ ಶೂಗಳನ್ನು ನೋಡಿಕೊಂಡರು. ಫೋನಿನಲ್ಲಿ ಹಿಡಿದಿದ್ದರೇ ವಾಸಿಯಿತ್ತು ಎನ್ನಿಸಿತು ವೆಂಡೆಲ್‌ಗೆ.

"ನಮ್ಮಲ್ಲೇ ಸ್ವಲ್ಪ ಮೈ ಇರೋರು ಯಾರಾದ್ರೂ ಬರ್ರಪ್ಪ," ಎಂದು ಟ್ರೆಂಟ್ ಕೂಗಿದ. ಪ್ರಚಾರ ವಿಭಾಗದವನೊಬ್ಬ ಬಂದ. ಯಾವ ಆಸನದಲ್ಲಾದರೂ ಸಲೀಸಾಗಿ ಕೂರಬಲ್ಲ ಅವನಿಗೆ ದೊಗಳೆ ಅಂಗಿ ತೊಡಿಸಿದರು. ಪಕ್ಕದ ಮಾಮೂಲಿ ಆಸನದಲ್ಲಿ ಕೂತು, ಕೈ ಮೇಲೆತ್ತಿ, ಕೇಕೆ ಹಾಕುತ್ತ ಅವನು ಒಂದು ಸುತ್ತು ಬಂದ. ಸುದ್ದಿಗೆ ಅಷ್ಟು ಸಾಕಾಗಿತ್ತು.

ಲೊರೇನ್ ತಿಂಡಿ ಅಂಗಡಿಯ ಬೆಂಚಿನ ಮೇಲೆ, ಸಕ್ಕರೆ ಉದುರಿಸಿದ ಕರಿದ ಹಿಟ್ಟಿನ ಸುರುಳಿ ತಿನ್ನುತ್ತ ಕೂತಿದ್ದಳು. ಕ್ಷಮೆ ಕೇಳಬೇಕೆಂದು ಬಂದ ವೆಂಡೆಲ್ ಅವಳ ಪಕ್ಕ ಕೂತ.

"ಎಷ್ಟು ಇಳಿಸ್ದೆ?" ಎಂದಳು.

"ಏನನ್ನ?"

"ಮೈಯನ್ನ. ಕೂರೋಕೆ ಮುಂಚೆ ಬೆಂಚನ್ನ ಕೈಯಲ್ಲಿ ಒತ್ತಿ ನೋಡ್ದೆಯಲ್ಲ. ಸಣ್ಣಗೆ ಹುಟ್ಟಿದೋರು ಯಾರೂ ಹಂಗೆ ನೋಡಲ್ಲ ಮಗಾ."

"ಅದು... ಎಂಜಿನಿಯರುಗಳ ಅಭ್ಯಾಸ."

ಶಾಲೆಯಲ್ಲಿ ಅವನಡಿಯಲ್ಲಿ ಮುರಿದ ಕುರ್ಚಿ, ಅದು ಮುರಿದಾಗಿನ ನಗೆ, ಬೇರೆ ರಾಜ್ಯಕ್ಕೆ ಹೋಗಿ ಗುಟ್ಟಾಗಿ ಮಾಡಿಸಿಕೊಂಡ, ಹೊಟ್ಟೆ ಕಿರಿದಾಗಿಸುವ ಶಸ್ತ್ರಚಿಕಿತ್ಸೆ ಎಲ್ಲ ಒಟ್ಟಿಗೇ ನೆನಪಾದವು. ಬಾಲ್ಯದ ಫೋಟೋಗಳು ಪ್ರವಾಹದಲ್ಲಿ ಕೊಚ್ಚಿಹೋದವೆಂದು ಹೆಂಡತಿ ಸೀಲಿಯಾ ನಂಬಿದ್ದಳು. ಅವನು ಹುಟ್ಟಿದ ಊರಿನಲ್ಲಿ ಹೊಳೆಯೇ ಇರಲಿಲ್ಲ.

ಆಸನ ರಚಿಸುವಾಗ ಅವನ ಕಣ್ಣ ಮುಂದಿದ್ದ ದಪ್ಪ ಮೈ ಒಂದೇ: ಹೊಟ್ಟೆ ದೊಡ್ಡದಾಗಿ ಕಾಲು ಸಣಕಲಾಗಿದ್ದ ಒಬ್ಬ ಹುಡುಗನದು. ಹೆಂಗಸಿನ ಸೊಂಟ, ಮೊಲೆ, ತೊಡೆ, ಅವಕ್ಕೂ ಜಾಗ ಬೇಕೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಉದಾರ ಆಸನ ಆ ಹುಡುಗನೊಬ್ಬನಿಗೆ ಮಾತ್ರ ಉದಾರವಾಗಿತ್ತು.

"ಹೆದರ್ಬೇಡ, ಯಾರಿಗೂ ಹೇಳಲ್ಲ," ಎಂದಳು ಲೊರೇನ್. "ನೀನೂ ಒಂದ್ಸಲ ನನ್ನ ಥರ ಇಳಿದು ವಾಪಸ್ ಬಂದಿದ್ದೆ, ಅಲ್ವಾ?"

"ಇಲ್ಲ. ನಾನು ಮೊದಲಿಂದಲೂ ಹೀಗೇ."

ಆಕೆ ಸುರುಳಿಯ ಒಂದು ತುಂಡು ಮುರಿದು ಚಾಚಿದಳು. "ತಗೋ."

"ಬೇಡ. ನನಗೆ ಸಿಹಿ ಆಗಲ್ಲ."

"ಪಾಪ," ಎಂದಳು. ಯಾವುದಕ್ಕೆ ಪಾಪ ಎಂದು ಅವನು ಕೇಳಲಿಲ್ಲ.

ಅಷ್ಟರಲ್ಲಿ ನೀರಿನಾಟ ಮುಗಿಸಿದ ಮೊಮ್ಮಗಳು ತೊಯ್ದ ತಲೆಯಲ್ಲೇ ಓಡಿಬಂದಳು. "ಅಜ್ಜಿ, ಹತ್ತಿದ್ಯಾ? ಭಯ ಆಯ್ತಾ?"

ಲೊರೇನ್ ಬೆರಳಿನ ಸಕ್ಕರೆ ಒರೆಸಿಕೊಂಡಳು. "ಅಯ್ಯೋ, ಜೀವನೇ ಹೋದಂಗಾಯ್ತು ಕಣೇ. ಬೇಕಾದ್ರೆ ಈ ಮಾಮನ್ನ ಕೇಳು."

ಮಗು ಅವನತ್ತ ನೋಡಿತು. ವೆಂಡೆಲ್ ತಲೆಯಾಡಿಸಿದ. "ತುಂಬಾ ಕಿರುಚಿದ್ರು," ಎಂದ.

ಈ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಸೋಜಿಗವಾಯಿತು. ಅಜ್ಜಿ ಮೊಮ್ಮಗಳು ಕೈ ಹಿಡಿದುಕೊಂಡು ಗೇಟಿನ ಕಡೆ ಹೋದರು. ಆಕೆ ತಿರುಗಿ ನೋಡಿದರೆ ಕೂಗಿ ತನ್ನ ಮೈಯ ನಿಜ ಹೇಳಿಬಿಡುವುದೆಂದುಕೊಂಡ. ಆಕೆ ತಿರುಗಲಿಲ್ಲ.

ಸಂಜೆ ಜನ ಖಾಲಿಯಾದ ಮೇಲೆ ಅವನು ನಿಲ್ದಾಣಕ್ಕೆ ಬಂದ. ದಿನದ ಕೊನೆಗೆ ಗಾಡಿಯನ್ನು ಒಂದು ಸುತ್ತು ಬರಿದೇ ಓಡಿಸಿ ಶೆಡ್ಡಿಗೆ ಸೇರಿಸುವುದು ವಾಡಿಕೆ. ಏನು ಮಾಡುತ್ತಿದ್ದೇನೆಂದು ತನಗೇ ಸ್ಪಷ್ಟವಿಲ್ಲದೆ, ಆಚೆ ಬದಿಯಿಂದ ಹತ್ತಿ ಉದಾರ ಆಸನದಲ್ಲಿ ಕೂತ. ಪಟ್ಟಿ ಎಳೆದುಕೊಂಡ. ಅದು ಇಳಿಯಿತು, ಇಳಿಯುತ್ತಲೇ ಹೋಯಿತು, ಕೊನೆಯ ಹಲ್ಲಿಗೆ ಸಿಕ್ಕಿ ನಿಂತಿತು. ಅವನ ತೊಡೆ ಅದಕ್ಕೆ ಸಿಗಲೇ ಇಲ್ಲ. ನಡುವೆ ಒಂದು ಗೇಣು ಅಂತರ. ಮೇಲೆತ್ತಲು ನೋಡಿದ. ಬರಲಿಲ್ಲ.

ಗಾಡಿ ನಡೆಸುವ ಗಾಜಿನ ಕೋಣೆಯಲ್ಲಿದ್ದ ಹೆಂಗಸು ಗಾಡಿಯನ್ನು ನೋಡಲಿಲ್ಲ, ತನ್ನ ಮುಂದಿನ ಫಲಕವನ್ನು ನೋಡಿದಳು. ಅದರಲ್ಲಿ ಯಾವ ಆಸನದ ದೀಪವೂ ಹೊತ್ತಿರಲಿಲ್ಲ.

"ಗಾಡಿ ಖಾಲಿ," ಎಂದು ಮೈಕಿನಲ್ಲಿ ಸಾರಿದಳು. "ಒಳಗೆ ಯಾರೂ ಇಲ್ಲ. ಬಿಡ್ತಾ ಇದೀನಿ."

ಇದ್ದೇನೆ ಎಂದು ಕೂಗಲು ವೆಂಡೆಲ್ ಬಾಯಿ ತೆರೆದ. ಕೆಳಗೆಲ್ಲೋ ಸರಪಳಿ ಗಾಡಿಯನ್ನು ಕಚ್ಚಿಕೊಂಡಿತು. ಹೊಲಗಳು ಕೆಳಗಿಳಿಯತೊಡಗಿದವು. ಮುಂದಿನ ಸಾಲುಗಳಲ್ಲಿ ಪಟ್ಟಿಗಳೆಲ್ಲ ಬಿಗಿಯಾಗಿ ಮುಚ್ಚಿಕೊಂಡು, ಇಲ್ಲದವರನ್ನು ಬಹಳ ಜೋಪಾನವಾಗಿ ಹಿಡಿದುಕೊಂಡು ಏರುತ್ತಿದ್ದವು.