ತಾಪ್ಲೋ ಟೋಪಿ

ನಮ್ಮ ಕೊರೊಂಡ್ ಊರಿನಲ್ಲಿ ತಾಪ್ಲೋ ಎಂದರೆ ಬೀಚ್ ಎಂಬ ಕಾಡುಮರದ ಕಾಂಡಕ್ಕೆ ಕುದುರೆ ಗೊರಸಿನಂತೆ ಅಂಟಿಕೊಂಡು ಬೆಳೆಯುವ ಅಣಬೆ. ಬೆಂಕಿಕಡ್ಡಿ ಇಲ್ಲದ ಕಾಲದಲ್ಲಿ ಚಕಮಕಿ ಕಲ್ಲಿನ ಕಿಡಿ ಹಿಡಿಯಲು ಅದೇ ಬೇಕಿತ್ತು. ಈಗ ನಾವು ಅದರ ಸಿಪ್ಪೆ ಕೆತ್ತಿ, ಒಳಗಿನ ಮೆತ್ತನೆಯ ಪದರವನ್ನು ಕೈಯಲ್ಲೇ ಎಳೆದೆಳೆದು ಹಿಗ್ಗಿಸಿ ಟೋಪಿ ಮಾಡುತ್ತೇವೆ. ಬುಡಾಪೆಸ್ಟಿನವರ ಬಾಯಲ್ಲಿ ಮಾತ್ರ ತಾಪ್ಲೋ ಎಂದರೆ ಒರಟ, ನಾಲ್ಕು ಜನರ ನಡುವೆ ಕೂರಲು ಬಾರದವನು. ಅಣಬೆಯ ಹೆಸರು ಬೈಗುಳವಾದದ್ದು ಹೇಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನನ್ನ ತಂಗಿ ಬೋರ್ಕಾಳ ಗಂಡ ದೇನೆಶನಿಗಂತೂ ಆ ಹೆಸರೇ ಬೇಡ. ಬುಡಾಪೆಸ್ಟಿನ ಮರಗೆಲಸದ ಕಾರ್ಖಾನೆ ಬಿಟ್ಟು ಊರಿಗೆ ಮರಳಿದವನು ಮೊದಲು ಮಾಡಿದ ಘನಕಾರ್ಯವೆಂದರೆ ನಮ್ಮ ಅಂಗಡಿಯ ಹಲಗೆಯ ಮೇಲಿದ್ದ ‘ತಾಪ್ಲೋ’ ಅಳಿಸಿ ‘ಕಾಡಿನ ಮಖಮಲ್ಲು’ ಎಂದು ಬರೆಸಿದ್ದು. ಒಂದೇ ಒಂದು ಅಣಬೆ ಕೆತ್ತಲು ಬಾರದ ಈ ಮಹಾನುಭಾವ ಬಂದವರಿಗೆಲ್ಲ ಕಥೆ ಹೇಳತೊಡಗಿದ. ಸೋಮವಾರ ಮಖಮಲ್ಲು ಎಂಬ ಹೆಸರು ಇಟ್ಟವನು ಟರ್ಕಿಯ ಪಾಷಾ. ಗುರುವಾರ ಯಾವುದೋ ರಾಜಕುಮಾರಿ.

ಮೂಲೆಯಲ್ಲಿ ಕೂತು ಮೊಣಕಾಲ ಮೇಲೆ ಅಣಬೆ ಎಳೆಯುತ್ತಿದ್ದ ನಮ್ಮಪ್ಪ ಅಂಬ್ರುಶ್ ಕೇಳಿದರು, “ಅಳಿಯಂದ್ರೇ, ಆ ಪಾಷಾ ಸತ್ನಾ? ಮೊನ್ನೆ ಚೆನ್ನಾಗೇ ಇದ್ದನಲ್ಲ!”

“ನಿಮಗೆ ವ್ಯಾಪಾರ ಗೊತ್ತಾಗಲ್ಲ, ಮಾವ.”

ಬೇಸಿಗೆಯಲ್ಲಿ ಬುಡಾಪೆಸ್ಟಿನಿಂದ ಒಂದು ಬಸ್ಸು ಬಂತು. ದಪ್ಪನೆಯ ಹೆಂಗಸೊಬ್ಬಳು ಮೊದಲು ಇಳಿದು ನೇರ ನಮ್ಮ ಅಂಗಡಿಗೇ ಬಂದಳು.

“ತಾಪ್ಲೋ ಟೋಪಿ ಇದ್ಯಾ?”

“ಇದು ಕಾಡಿನ ಮಖಮಲ್ಲು, ಮೇಡಂ. ಒಂದು ಕಾಲದಲ್ಲಿ ಒಬ್ಬ ರಾಜಕುಮಾರಿ...”

“ರಾಜಕುಮಾರಿ ಹಾಳಾಗ್ಲಿ! ನನಗೆ ತಾಪ್ಲೋದ್ದೇ ಬೇಕು. ನನ್ನ ಗಂಡನ ಹುಟ್ಟುಹಬ್ಬ. ಸೂಪು ಸೊರ್ ಸೊರ್ ಅಂತ ಕುಡೀತಾನೆ, ಉಂಡು ತೇಗ್ತಾನೆ. ಅವನ ತಲೆಗೆ ಸರಿಯಾದ ಟೋಪಿ ಅದೇ!”

ಬಸ್ಸಿನವರೆಲ್ಲ ಗೊಳ್ಳೆಂದು ನಕ್ಕರು. ಒಬ್ಬನಿಗೆ ಭಾವಮೈದುನನ ನೆನಪಾಯಿತು, ಇನ್ನೊಬ್ಬಳಿಗೆ ಕಚೇರಿಯ ಸಾಹೇಬನ ನೆನಪು.

ದೇನೆಶನ ಮುಖ ಬೀಟ್‌ರೂಟಿನಂತಾಯಿತು. “ಅಂಥದ್ದು ಇಲ್ಲಿ ಸಿಗಲ್ಲ” ಎಂದುಬಿಟ್ಟ.

“ಏ ಪುಣ್ಯಾತ್ಮ, ಕೊಡೋ!” ಎಂದು ಬೋರ್ಕಾ ಒಳಗಿನಿಂದ ಓಡಿ ಬರುವಷ್ಟರಲ್ಲಿ ಎದುರಂಗಡಿಯ ವೆರೋನ್ ಕೂಗಿದಳು: “ತಾಪ್ಲೋ! ಅಪ್ಪಟ ತಾಪ್ಲೋ! ಬನ್ನಿ ಬನ್ನಿ!” ಬಸ್ಸಿಗೆ ಬಸ್ಸೇ ಅತ್ತ ಹೋಯಿತು. ಹೊರಡುವಾಗ ಕಿಟಕಿ ಕಿಟಕಿಯಲ್ಲೂ ವೆರೋನಳ ಟೋಪಿ.

ಬೋರ್ಕಾ ಗಂಡನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. “ಅಪ್ಪ ವಾರವಿಡೀ ಬೆರಳು ನೋಯಿಸ್ಕೊಂಡು ಮಾಡಿದ್ದು. ನಿನ್ನ ರಾಜಕುಮಾರಿ ಬಂದು ತಗೋತಾಳಾ?”

ದೇನೆಶ ತಲೆ ಬಗ್ಗಿಸಿದ. “ಆ ಕಾರ್ಖಾನೆಯಲ್ಲಿ ಒಬ್ಬನೂ ನನ್ನ ಹೆಸರು ಹಿಡಿದು ಕರೀಲಿಲ್ಲ, ಬೋರ್ಕಾ. ಎಲ್ಲರಿಗೂ ನಾನು ತಾಪ್ಲೋನೇ. ಅದನ್ನ ಇಲ್ಲೂ ಕೇಳ್ಬೇಕಾ?”

ಆ ಒಂದು ಗಳಿಗೆ ನನಗೂ ಅಯ್ಯೋ ಅನ್ನಿಸಿತು. ಬೋರ್ಕಾಳಿಗೆ ಅನ್ನಿಸಲಿಲ್ಲ.

“ಅವರು ಕರೆದದ್ದು ನಿನ್ನ ನಡತೆ ನೋಡಿ. ಅಣಬೆ ನೋಡಿ ಅಲ್ಲ” ಎಂದವಳೇ ಬಣ್ಣದ ಡಬ್ಬ ತಂದು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಹಳೆಯ ಹೆಸರನ್ನೇ ಬರೆದಳು. ಅಪ್ಪ ತಲೆಯೆತ್ತದೆ, “ಕೊನೇ ‘ಓ’ ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡಮ್ಮ” ಎಂದರು.

ದೇನೆಶ ಆಮೇಲೆ ಅಂಗಡಿಗೆ ಕಾಲಿಡಲಿಲ್ಲ. ಬೀದಿಯ ಆ ತುದಿಯಲ್ಲಿರುವ ತನ್ನ ದೊಡ್ಡಪ್ಪನ ಮಗನ ಮಡಕೆ ಅಂಗಡಿ ಸೇರಿಕೊಂಡಿದ್ದಾನೆ. ಅಲ್ಲಿ ನೀಲಿ ಹೂಜಿ ಹಿಡಿದು, ಅದಕ್ಕೆ ಆ ಬಣ್ಣ ಬಂದದ್ದು ಯಾವಳೋ ರಾಣಿಯ ಕಣ್ಣಿನಿಂದ ಎಂದು ಹೇಳುತ್ತಾನಂತೆ. ಮಧ್ಯಾಹ್ನ ಊಟಕ್ಕೆ ಮಾತ್ರ ಹಿತ್ತಿಲ ದಾರಿ ಹಿಡಿದು ತಪ್ಪದೆ ಬರುತ್ತಾನೆ. ಬೋರ್ಕಾ ತಟ್ಟೆ ಕುಕ್ಕಿ ಬಡಿಸುತ್ತಾಳೆ.