ಟೈಮ್‌ಕೀಪರ್ ಮನೆಯ ಬ್ಯಾಟರಿ

ಬಸ್ ಡಿಪೋದ ಟೈಮ್‌ಕೀಪರ್‌ಗೆ ದೇವರು ಎಲ್ಲವನ್ನೂ ಕೊಟ್ಟು ನಂಬಿಕೆಯೊಂದನ್ನು ಕೊಡುವುದು ಮರೆತಿದ್ದ. ಗ್ಯಾಸ್ ಆಫ್ ಮಾಡಿದ್ದೀನಿ ಎಂದು ಹೆಂಡತಿ ಹೇಳಿದರೆ ತಾನೇ ಹೋಗಿ ಮುಟ್ಟಿ ನೋಡಿ ಬರುತ್ತಿದ್ದ. ಬೀಗ ಹಾಕಿ ಎಳೆದು ನೋಡಿ, ರಸ್ತೆಯವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆಯುತ್ತಿದ್ದ. ‘ಬಾಯಿಮಾತು ಬೇಡ, ಕೈಯಾರೆ ಮುಟ್ಟಿ ನೋಡಿ’ ಎನ್ನುವುದು ಆ ಮನೆಯ ಕಾನೂನು. ಅವನ ತಾಯಿ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮೂವರೂ ಆ ಕಾನೂನಿಗೆ ಒಗ್ಗಿಹೋಗಿದ್ದರು. ಒಗ್ಗದೆ ಎಲ್ಲಿಗೆ ಹೋಗುತ್ತಾರೆ, ಪಾಪ!

ಡಿಪೋದಲ್ಲೂ ಅಷ್ಟೆ. ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಅವನ ಕುರ್ಚಿ. ಡ್ರೈವರುಗಳು ಒಂದು ನಿಮಿಷ ತಡವಾಗಿ ಬಂದರೂ ಅರ್ಧ ದಿನದ ಸಂಬಳ ಕಟ್. ಹೆಂಡತಿಗೆ ಹುಷಾರಿಲ್ಲ ಎಂದರೂ ಅಷ್ಟೆ, ಮಾವ ತೀರಿಕೊಂಡ ಎಂದರೂ ಅಷ್ಟೆ. ಗಂಟಲು ದೊಡ್ಡದಾದ್ದರಿಂದ ಗುಡುಗು ಎಂದು ಹೆಸರಾಗಿದ್ದ ಒಬ್ಬ ಡ್ರೈವರಂತೂ ಅವನ ಕೈಯಲ್ಲಿ ಕಳೆದುಕೊಂಡ ಅರ್ಧ ದಿನಗಳಿಗೆ ಲೆಕ್ಕವೇ ಇರಲಿಲ್ಲ. ಆ ಕುರ್ಚಿಯೆಂದರೆ ಟೈಮ್‌ಕೀಪರ್‌ಗೆ ಪ್ರಾಣ. ಅದರಿಂದಾಚೆ ಅವನೊಬ್ಬ ಸಾಧಾರಣ ಮನುಷ್ಯ, ಅದು ಅವನಿಗೂ ಗೊತ್ತಿತ್ತು.

ಇಂಥವನ ಬೈಕು ಬೆಳಿಗ್ಗೆ ಬೆಳಿಗ್ಗೆ ಕೈಕೊಡತೊಡಗಿತು. ಬಟನ್ ಒತ್ತಿದರೆ ಟಿಕ್ ಟಿಕ್ ಅನ್ನುತ್ತಿತ್ತೇ ಹೊರತು ಸ್ಟಾರ್ಟ್ ಆಗುತ್ತಿರಲಿಲ್ಲ. ಕಿಕ್ಕರ್ ಇಲ್ಲದ ಹೊಸ ಮಾದರಿಯ ಬೈಕು. ಒದ್ದು ಎಬ್ಬಿಸೋಣವೆಂದರೆ ಒದೆಯಲು ಏನೂ ಇಲ್ಲ. ತಳ್ಳಿ, ಬೆವರಿ, ಆಟೋ ಹಿಡಿದು ಡಿಪೋ ಮುಟ್ಟುವಷ್ಟರಲ್ಲಿ ಮೊದಲ ಬಸ್ಸು ಹೊರಟುಹೋಗಿರುತ್ತಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ ಎಂದು ಡ್ರೈವರುಗಳಿಗೆ ಹಾಲು ಕುಡಿದಷ್ಟು ಸಂತೋಷ. ಮ್ಯಾನೇಜರ್ ಮಾತ್ರ ನಗಲಿಲ್ಲ. “ನೋಡಿ, ಇನ್ನೊಂದು ಸಲ ತಡವಾದ್ರೆ ನಿಮ್ಮನ್ನ ಡೀಸೆಲ್ ಪಂಪಿಗೆ ಹಾಕ್ತೀನಿ. ಆಮೇಲೆ ನನ್ನ ಬೈಕೋಬೇಡಿ” ಎಂದರು.

ಆ ದಿನ ಮನೆಯಲ್ಲಿ ಅವನು ಊಟಕ್ಕೆ ಕೂತು ಎದ್ದ, ಅಷ್ಟೆ. ಮುಖ ಗಂಟು ಹಾಕಿಕೊಂಡು ಮೂವರಿಗೂ ವಿಷಯ ಹೇಳಿದ. ಮೂವರೂ ಮುಖ ಮುಖ ನೋಡಿಕೊಂಡರು.

ಮೆಕ್ಯಾನಿಕ್ ಎಲ್ಲವನ್ನೂ ಬಿಚ್ಚಿ ನೋಡಿದ. ಹಳೇ ಬ್ಯಾಟರಿ ತೆಗೆದು ಹೊಸದು ಹಾಕಿದ. ಹೊಸದೂ ವಾರ ತುಂಬುವುದರೊಳಗೆ ಮಲಗಿತು. ಮೀಟರು ಹಿಡಿದು ಮತ್ತೆ ನೋಡಿದ. “ಬ್ಯಾಟ್ರಿ ಗಟ್ಟಿಮುಟ್ಟಾಗಿದೆ ಸಾರ್. ಚಾರ್ಜು ಸರಿಯಾಗಿ ಆಗ್ತಿದೆ. ವೈರಲ್ಲೂ ಎಲ್ಲೂ ಸೋರ್ತಿಲ್ಲ” ಎಂದು ತಲೆ ಕೆರೆದುಕೊಂಡ. ಆಮೇಲೆ ಕೇಳಿದ: “ಸ್ಟಾರ್ಟ್ ಮಾಡಿ, ಎಲ್ಲೂ ಹೋಗದೆ ಹಾಗೇ ಆಫ್ ಮಾಡೋ ಅಭ್ಯಾಸ ಏನಾದ್ರೂ ಇದೆಯಾ? ಸ್ಟಾರ್ಟ್ ಆಗೋವಾಗ ಅದು ಬ್ಯಾಟ್ರೀನ ಗಟಗಟ ಕುಡಿಯತ್ತೆ. ಸ್ವಲ್ಪ ದೂರ ಓಡಿಸಿದ್ರೆ ಮಾತ್ರ ಮತ್ತೆ ತುಂಬೋದು.”

“ಯಾವ ಹುಚ್ಚ ರೀ ಹಾಗೆ ಮಾಡ್ತಾನೆ?” ಎಂದು ಟೈಮ್‌ಕೀಪರ್ ರೇಗಿದ.

ಬ್ಯಾಟರಿಗೆ ಚಾರ್ಜು ತುಂಬಿಸಿಕೊಂಡು ಮನೆಗೆ ಬಂದವನಿಗೆ ಅನುಮಾನ ಹುಟ್ಟಿತು. ಯಾರೋ ಹೊಟ್ಟೆಕಿಚ್ಚಿನವರು, ಡಿಪೋದವರೇ ಇರಬೇಕು, ಗುಡುಗು ಕಳಿಸಿದವನೇ ಇರಬೇಕು, ಹಿತ್ತಿಲಿಗೆ ನುಗ್ಗಿ ಏನೋ ಮಾಡುತ್ತಿದ್ದಾನೆ! ಹಿಡಿದೇ ಹಿಡಿಯುತ್ತೇನೆ ಎಂದುಕೊಂಡ. ಮರುದಿನ ರಜೆ. ಮಧ್ಯಾಹ್ನ ಮಲಗುತ್ತೇನೆಂದು ಹೇಳಿ, ಸದ್ದಿಲ್ಲದೆ ಹೋಗಿ ಬಚ್ಚಲುಮನೆಯ ಕಿಟಕಿಗೆ ಕಣ್ಣಿಟ್ಟು ಕೂತ. ಬೈಕು ಹಿತ್ತಿಲಿನ ಶೀಟಿನ ಕೆಳಗೆ ನಿಂತಿತ್ತು.

ಮೊದಲು ಬಂದವಳು ಹೆಂಡತಿ. ಕೈಯಲ್ಲಿ ಬಾಗಿಲ ಬಳಿಯ ಮೊಳೆಯಲ್ಲಿ ತೂಗುವ ಕೀಲಿ. ಆಚೀಚೆ ನೋಡಿ, ಕೀಲಿ ತಿರುಗಿಸಿ ಬಟನ್ ಒತ್ತಿದಳು. ಬೈಕು ಸ್ಟಾರ್ಟ್ ಆದ ತಕ್ಷಣ ಆಫ್ ಮಾಡಿ, ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಗಳು ಬಂದಳು. ಅವಳು ಸೀಟಿನ ಮೇಲೆ ಕೂತು, ದೀಪ ಪ್ರಕಾಶವಾಗಿದೆಯೇ ಎಂದು ಗೋಡೆಗೆ ಬಿಟ್ಟು ನೋಡಿ, ಎರಡು ಸಲ ಒತ್ತಿದಳು. ಕೊನೆಗೆ ಗೋಡೆ ಹಿಡಿದುಕೊಂಡು ಅವನ ತಾಯಿ! ಮಂಡಿನೋವಿಗೆ ದೇವರ ಮನೆಯಲ್ಲೂ ಕುರ್ಚಿ ಹಾಕಿಸಿಕೊಂಡ ಮುದುಕಿ ಬೈಕಿನ ಬಟನ್ ಒತ್ತಿ, ಎಂಜಿನ್ನಿನ ಮೇಲೆ ಕೈಯಿಟ್ಟು, ಕರುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದಳು.

ಅವನು ಬಚ್ಚಲಿನಿಂದ ಸಿಡಿಲಿನಂತೆ ಬಂದ. “ಏನ್ ನಡೀತಿದೆ ಇಲ್ಲಿ? ನೀವೇ ಬೈಕಿನ ಪ್ರಾಣ ತೆಗೀತಿದೀರಲ್ಲ! ನಿನಗೇನು ಬಂತಮ್ಮ ಈ ವಯಸ್ಸಲ್ಲಿ?”

“ನೀನೇ ಹೇಳ್ತೀಯಲ್ಲೋ, ಮುಟ್ಟಿ ನೋಡು ಅಂತ. ಮುಟ್ಟಿ ನೋಡ್ದೆ” ಎಂದಳು ತಾಯಿ.

ಹೆಂಡತಿಯೂ ಮಗಳೂ ಓಡಿ ಬಂದರು. ಇಷ್ಟು ದಿನ ಮೂವರೂ ಅವನು ಮಲಗಿರುವಾಗ, ಒಬ್ಬರಿಗೊಬ್ಬರು ತಿಳಿಯದಂತೆ ಇದೇ ಕೆಲಸ ಮಾಡುತ್ತಿದ್ದರು; ಸದ್ದು ಕೇಳಿದರೆ ಪಕ್ಕದ ಮನೆಯ ಬೈಕೆಂದುಕೊಳ್ಳುತ್ತಿದ್ದರು. ತಡವಾಗತೊಡಗಿದಷ್ಟೂ ನೋಡುವುದು ಹೆಚ್ಚಿತ್ತು, ನೋಡುವುದು ಹೆಚ್ಚಿದಷ್ಟೂ ಬ್ಯಾಟರಿ ಸೊರಗಿತ್ತು. ಮಗಳು ತಲೆ ತಗ್ಗಿಸಿ, “ಬೈಕಿಗೆ ಏನಾದ್ರೂ ಆಗ್ಲಿ ಅಪ್ಪ, ನಿನ್ನ ಮುಖ ನೋಡೋಕಾಗಲ್ಲ ನಮಗೆ. ನೀನು ಲೇಟಾದ ದಿನ ಮನೇಲಿ ಯಾರಿಗೂ ಅನ್ನ ಸೇರಲ್ಲ” ಎಂದಳು. ಅವನ ಸಿಟ್ಟು ಜರ್ರನೆ ಇಳಿದುಹೋಯಿತು. ಮೂವರ ಮುಖವನ್ನೂ ನೋಡಲಾರದೆ ಕೀಲಿ ಕಿತ್ತುಕೊಂಡ.

“ಇನ್ಮೇಲೆ ಯಾರೂ ಮುಟ್ಟಕೂಡದು. ಕೀಲಿ ನನ್ನ ಹತ್ರಾನೇ ಇರತ್ತೆ” ಎಂದು ದಿಂಬಿನ ಕೆಳಗೆ ಇಟ್ಟುಕೊಂಡ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲು ಅವನ ಸ್ವಭಾವ ಬಿಡಬೇಕಲ್ಲ! ಸಂಜೆ, ಮೂವರ ಕೈಯಲ್ಲಿ ಸಿಕ್ಕಿದ ಬ್ಯಾಟರಿಯಲ್ಲಿ ಏನಾದರೂ ಉಳಿದಿದೆಯೋ ಎಂದು ಒಂದು ಸಲ ಒತ್ತಿ ನೋಡಿದ. ಉಳಿದಿತ್ತು. ಊಟದ ಮೊದಲು ನೋಡಿದ, ಇತ್ತು. ಊಟವಾದ ಮೇಲೆ ನೋಡಿದ. ಹಾಸಿಗೆಯಿಂದ ಎದ್ದೆದ್ದು ಹೋಗಿ ಇನ್ನೆಷ್ಟು ಸಲ ನೋಡಿದನೋ ಅವನಿಗೇ ನೆನಪಿಲ್ಲ. ಬೆಳಿಗ್ಗೆ ಬಟನ್ ಒತ್ತಿದರೆ ಟಿಕ್ ಟಿಕ್.

ಮೂವರೂ ಬಾಗಿಲಲ್ಲಿ ನಿಂತಿದ್ದರು. “ನಾವು ಮುಟ್ಟಿಲ್ಲ ಕಣಪ್ಪ” ಎಂದಳು ತಾಯಿ ಅಳುವ ದನಿಯಲ್ಲಿ.

“ಗೊತ್ತಮ್ಮ” ಎಂದ ಅವನು. ಬೈಯಲು ಇವತ್ತು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

“ರೀ, ಬೀದಿ ಮೂಲೇಲಿ ನಿಮ್ಮ ಡಿಪೋ ವ್ಯಾನ್ ಬರೋ ಹೊತ್ತು, ಓಡ್ರೀ!” ಎಂದು ಹೆಂಡತಿ ಕೂಗಿದಳು.

ಡ್ರೈವರುಗಳ ವ್ಯಾನು ಅದು. ಅದರಲ್ಲಿ ಕೂತರೆ ಸಲಿಗೆ ಬೆಳೆಯುತ್ತದೆ, ಬೆಳೆದರೆ ಸಂಬಳ ಕತ್ತರಿಸಲು ಕೈ ಬರುವುದಿಲ್ಲ ಎಂದು ಅವನು ಅದನ್ನು ಒಂದು ದಿನವೂ ಹತ್ತಿದವನಲ್ಲ. ಈಗ ಒಂದು ಕೈಯಲ್ಲಿ ಶೂ ಹಿಡಿದು ಓಡಿದ. ವ್ಯಾನು ಹೊರಟೇಬಿಟ್ಟಿತ್ತು. “ಏಯ್, ನಿಲ್ಸೋ! ಟೈಮ್‌ಕೀಪರ್ ಸಾಹೇಬ್ರು ಬರ್ತಿದಾರೆ!” ಎಂದು ಗುಡುಗಿನ ದನಿ ಬೀದಿಗೆಲ್ಲ ಕೇಳಿಸಿತು. ವ್ಯಾನು ನಿಂತಿತು. ಅವನು ಏದುಸಿರು ಬಿಡುತ್ತ ಬಂದು ಹತ್ತುವವರೆಗೂ ಕಾಯಿತು. ಒಳಗೆ ಯಾರೂ ಒಂದು ಕುಹಕದ ಮಾತೂ ಆಡಲಿಲ್ಲ, ಒಬ್ಬ ಎದ್ದು ಜಾಗ ಕೊಟ್ಟ. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು.

ಹೀಗೆ ಕಾದದ್ದಕ್ಕೆ ಇಡೀ ವ್ಯಾನೇ ತಡವಾಯಿತು. ಮ್ಯಾನೇಜರ್ ಗೇಟಿನಲ್ಲೇ ನಿಂತಿದ್ದರು.

“ಯಾರಿಂದ ತಡ ಆಗಿದ್ದು?”

ಗುಡುಗು ಮುಂದೆ ಬಂದ. “ನನ್ನಿಂದ ಸಾರ್. ಎದ್ದಿದ್ದೇ ಲೇಟು. ಪಾಪ, ಎಲ್ಲರೂ ನನಗೋಸ್ಕರ ಕಾದ್ರು.”

ಟೈಮ್‌ಕೀಪರ್‌ನ ಕುರ್ಚಿ ಉಳಿಯಿತು. ಬಾಯಿ ಮುಚ್ಚಿಕೊಂಡು ಗಾಜಿನ ಗೂಡಿಗೆ ಹೋಗಿ ಕೂತರೆ ಆಯಿತು. ಕಾಲು ಆ ಕಡೆ ತಿರುಗಿತ್ತು ಕೂಡ. ಆದರೆ ಕೂತ ತಕ್ಷಣ ಮಾಡಬೇಕಾದ ಮೊದಲ ಕೆಲಸವೆಂದರೆ ಗುಡುಗಿನ ಅರ್ಧ ದಿನ ಕತ್ತರಿಸುವುದು. ಅವನು ನಾಚಿಕೆಯಿಂದ ಹಿಂದಕ್ಕೆ ತಿರುಗಿದ.

“ಇಲ್ಲ ಸಾರ್, ಅವನು ಸುಳ್ಳು ಹೇಳ್ತಿದಾನೆ. ತಡ ಮಾಡಿದ್ದು ನಾನು” ಎಂದುಬಿಟ್ಟ.

ಮ್ಯಾನೇಜರ್ ಇಬ್ಬರನ್ನೂ ನೋಡಿದರು. “ಸರಿ. ನೀವು ಇವತ್ತಿಂದಲೇ ಡೀಸೆಲ್ ಪಂಪಿಗೆ ಹೋಗಿ. ನನ್ನ ಮುಂದೆ ಸುಳ್ಳು ಹೇಳಿದ್ದಕ್ಕೆ ಇವನಿಗೆ ಅರ್ಧ ದಿನ ಕಟ್” ಎಂದು ಹೊರಟುಹೋದರು.

ಟೈಮ್‌ಕೀಪರ್ ಜೀವಮಾನದಲ್ಲಿ ಮೊದಲ ಸಲ ಒಬ್ಬನನ್ನು ಉಳಿಸಲು ಹೋಗಿದ್ದ; ಆ ಗುಡುಗೇ ಸಿಕ್ಕಿಹಾಕಿಕೊಂಡಿದ್ದ. “ತಪ್ಪಾಯ್ತು ಕಣಯ್ಯ” ಎಂದ.

“ಬಿಡಿ ಸಾರ್” ಎಂದ ಗುಡುಗು, ಬಸ್ಸಿನ ಕಡೆ ನಡೆಯುತ್ತ. “ನಿಮ್ಮ ಕೈಯಲ್ಲಿ ಅರ್ಧ ದಿನ ಹೋಗೋದು ನನಗೇನು ಹೊಸದಾ? ನಾಳೆ ಸ್ವಲ್ಪ ಬೇಗ ಬಂದು ಮೂಲೇಲಿ ನಿಂತಿರಿ. ನನ್ನ ಪಕ್ಕ ಜಾಗ ಹಿಡಿದಿರ್ತೀನಿ.”